ಸವೆದ ಬ್ರೇಕ್ ಪ್ಯಾಡ್: ಗುರುತಿಸುವುದು, ಬಿಚ್ಚುವುದು, ಬದಲಿಸುವುದು

ಕೆಲವು ವರ್ಷಗಳ ಹಿಂದೆ, ಮಳೆಗಾಲದ ಒಂದು ಬೆಳಿಗ್ಗೆ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುತ್ತಿದ್ದಾಗ ನಮ್ಮ ಕಾರಿನ ಎಡಗಡೆಯ ಮುಂಚಕ್ರದಿಂದ ಅರದಲ್ಲಿ ಕಬ್ಬಿಣ ಉಜ್ಜಿದಂಥ ಸದ್ದು ಕೇಳತೊಡಗಿತು. ಒಳಗೆ ಐದು ಜನ, ಡಿಕ್ಕಿಯ ತುಂಬ ಸಾಮಾನು. ಎರಡನೆಯ ಗೇರಿನಲ್ಲಿಯೇ ಮೆಲ್ಲಗೆ ಇಳಿದು ಉಜಿರೆ ತಲುಪಿ, ರಸ್ತೆ ಬದಿಯ ಗ್ಯಾರೇಜಿನಲ್ಲಿ ಚಕ್ರ ಬಿಚ್ಚಿಸಿ ನೋಡಿದರೆ ಒಳಬದಿಯ ಪ್ಯಾಡಿನಲ್ಲಿ ಸವೆಯುವುದಕ್ಕೆ ಏನೂ ಉಳಿದಿರಲಿಲ್ಲ. ಅದರ ಹಿಂದಿನ ಉಕ್ಕಿನ ಪಟ್ಟಿಯೇ ಚಕ್ರದ ಜೊತೆ ತಿರುಗುವ ಬ್ರೇಕಿನ ತಟ್ಟೆಯನ್ನು, ಅಂದರೆ ಡಿಸ್ಕನ್ನು, ಕೆರೆಯುತ್ತಿತ್ತು. ಅದೇ ಚಕ್ರದ ಹೊರಬದಿಯ ಪ್ಯಾಡ್ ಮಾತ್ರ ಅರ್ಧಕ್ಕಿಂತ ಹೆಚ್ಚು ದಪ್ಪವಾಗಿತ್ತು. ಎರಡು ತಿಂಗಳ ಹಿಂದೆ ಬ್ರೇಕಿನ ಕೆಂಪು ದೀಪ ಮಿನುಗಿದ್ದಾಗ ಸರ್ವೀಸಿಗೆ ಬಿಟ್ಟ ಕಡೆ ಬ್ರೇಕ್ ಆಯಿಲ್ ತುಂಬಿಸಿ ಕಳಿಸಿದ್ದರು ಎಂದು ಹೇಳಿದೆ. ಕೈ ಒರೆಸಿಕೊಳ್ಳುತ್ತಿದ್ದ ಮೆಕ್ಯಾನಿಕ್ ತಲೆಯೆತ್ತದೆ ಕೇಳಿದ: "ಆಯಿಲ್ ಕಡಿಮೆ ಆದದ್ದು ಯಾಕೆ ಅಂತ ಯಾರೂ ನೋಡಲಿಲ್ವಾ ಸರ್?"

ಈ ಮಾರ್ಗದರ್ಶಿ ಆ ಪ್ರಶ್ನೆಯಿಂದ ಹುಟ್ಟಿದ್ದು. ಹಳೆಯ ಪ್ಯಾಡ್ ತೆಗೆದು ಹೊಸದನ್ನು ಕೂರಿಸುವುದು ಒಂದು ಚಕ್ರಕ್ಕೆ ಅರ್ಧ ಗಂಟೆಯ ಕೆಲಸ. ಆದರೆ ಹಳೆಯದು ಏಕೆ ಹಾಗೆ ಸವೆಯಿತು ಎಂಬುದನ್ನು ನೋಡದೆ ಹೊಸದನ್ನು ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಇಲ್ಲಿ ಹೇಳಿರುವುದು ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ, ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಸಣ್ಣ ಕಾರುಗಳ ಮುಂಚಕ್ರಗಳ ವಿಷಯ.

ಮೊದಲು ಗುರುತಿಸುವುದು

ಬ್ರೇಕ್ ಒತ್ತಿದಾಗ ಕ್ಯಾಲಿಪರ್ ಎಂಬ ಹಿಡಿಕೆಯೊಳಗಿನ ಪಿಸ್ಟನ್ ಒಳಬದಿಯ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಅದರ ಪ್ರತಿಬಲಕ್ಕೆ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ ಹೊರಬದಿಯ ಪ್ಯಾಡನ್ನೂ ಎಳೆದು ಒತ್ತುತ್ತದೆ. ಈ ಜಾರುವಿಕೆಯನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ನಮ್ಮ ಕಾರಿನಲ್ಲಿ ಕೆಟ್ಟಿದ್ದು ಇದೇ.

ಹೊಸ ಪ್ಯಾಡಿನಲ್ಲಿ ಸವೆಯುವ ಪದರ ಸಾಮಾನ್ಯವಾಗಿ 10ರಿಂದ 12 ಮಿ.ಮೀ. ದಪ್ಪ ಇರುತ್ತದೆ. ಅದು 3 ಮಿ.ಮೀ.ಗೆ ಇಳಿದಾಗ ಬದಲಿಸುವುದು ರೂಢಿ. ಅನೇಕ ಪ್ಯಾಡುಗಳಲ್ಲಿ ಆ ಹೊತ್ತಿಗೆ ಸರಿಯಾಗಿ ಡಿಸ್ಕಿಗೆ ತಾಗುವಂತೆ ಬಾಗಿದ ಒಂದು ಪುಟ್ಟ ಉಕ್ಕಿನ ನಾಲಿಗೆ ಇರುತ್ತದೆ; ಅದು ತಾಗಿದಾಗ ಕಿವಿಗೆ ಚುಚ್ಚುವಂಥ ಕೀರಲು ಸದ್ದು ಬರುತ್ತದೆ. ಕೆಲವು ಕಾರುಗಳಲ್ಲಿ ಈ ಸದ್ದು ಸುಮ್ಮನೆ ಓಡುವಾಗ ಕೇಳಿ, ಬ್ರೇಕ್ ಒತ್ತಿದಾಗ ನಿಲ್ಲುವುದೂ ಉಂಟು. ಅದನ್ನು ಕೇಳಿ "ಬ್ರೇಕ್ ಒತ್ತಿದರೆ ಸರಿಯಾಗುತ್ತದಲ್ಲ" ಎಂದು ಸಮಾಧಾನಪಟ್ಟುಕೊಂಡವರನ್ನು ನಾನು ಕಂಡಿದ್ದೇನೆ.

ರಾತ್ರಿಯಿಡೀ ಮಳೆಯಲ್ಲಿ ನಿಂತ ಕಾರು ಬೆಳಿಗ್ಗೆ ಮೊದಲ ನಾಲ್ಕೈದು ಬ್ರೇಕಿಗೆ ಕರಕರ ಎನ್ನುವುದು ಬೇರೆ ವಿಷಯ. ಡಿಸ್ಕಿನ ಮೇಲೆ ಕೂತ ತೆಳುವಾದ ತುಕ್ಕು ಉಜ್ಜಿಹೋಗುವ ಸದ್ದು ಅದು. ಸ್ವಲ್ಪ ದೂರ ಹೋಗುವಷ್ಟರಲ್ಲಿ ನಿಲ್ಲುತ್ತದೆ. ನಿಲ್ಲದಿದ್ದರೆ ಚಕ್ರ ಬಿಚ್ಚಿ ನೋಡಬೇಕು. ಕೀರಲು ಸದ್ದು ಹೋಗಿ ಒರಟಾಗಿ ಕೆರೆಯುವ ಸದ್ದು ಬಂದರೆ ಎಚ್ಚರಿಕೆಯ ಕಾಲ ಮುಗಿದಿದೆ ಎಂದೇ ಅರ್ಥ. ಅಲ್ಲಿಂದ ಮುಂದೆ ಪ್ಯಾಡಿನ ಜೊತೆಗೆ ಡಿಸ್ಕಿನ ಖರ್ಚೂ ಸೇರುತ್ತದೆ.

ಕೆಂಪು ದೀಪದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಪ್ಯಾಡ್ ಸವೆದಂತೆ ಪಿಸ್ಟನ್ ಅಷ್ಟಷ್ಟೇ ಹೊರಗೆ ಬಂದು ನಿಲ್ಲುತ್ತದೆ. ಅದರ ಹಿಂದೆ ಖಾಲಿಯಾದ ಜಾಗವನ್ನು ಬ್ರೇಕ್ ಆಯಿಲ್ ತುಂಬುವುದರಿಂದ ಬಾನೆಟ್ಟಿನ ಕೆಳಗಿನ ಡಬ್ಬಿಯಲ್ಲಿ ಮಟ್ಟ ಇಳಿಯುತ್ತದೆ. ಎಲ್ಲಿಯೂ ಸೋರಿಕೆ ಇಲ್ಲದೆ ಮಟ್ಟ ಇಳಿದಿದೆ ಎಂದರೆ ಹೆಚ್ಚಿನ ಸಲ ಪ್ಯಾಡ್ ಸವೆದಿದೆ ಎಂದೇ ತಿಳಿಯಬೇಕು. ಹ್ಯಾಂಡ್ ಬ್ರೇಕಿಗೂ ಇದಕ್ಕೂ ಸಾಮಾನ್ಯವಾಗಿ ಒಂದೇ ದೀಪ. ಮಟ್ಟ ಅಂಚಿನಲ್ಲಿರುವಾಗ ತಿರುವಿನಲ್ಲಿ, ಇಳಿಜಾರಿನಲ್ಲಿ ಆಯಿಲ್ ಒಂದು ಬದಿಗೆ ಸರಿದು ದೀಪ ಮಿನುಗಿ ಆರುತ್ತದೆ. ಆಗ ಆಯಿಲ್ ತುಂಬಿಸಿಬಿಟ್ಟರೆ ದೀಪ ಆರುತ್ತದೆ, ಪ್ಯಾಡ್ ಸವೆಯುತ್ತಲೇ ಇರುತ್ತದೆ, ನಮಗೆ ಸುಳಿವು ಕೊಡುತ್ತಿದ್ದ ಒಂದು ದಾರಿಯೂ ಮುಚ್ಚಿಹೋಗುತ್ತದೆ.

ಎಲ್ಲ ತೊಂದರೆಯನ್ನೂ ಪ್ಯಾಡಿನ ತಲೆಗೆ ಕಟ್ಟಬಾರದು. ಪೆಡಲ್ ಸ್ಪಂಜಿನಂತೆ ಮೆತ್ತಗಾದರೆ ಆಯಿಲಿನಲ್ಲಿ ಗಾಳಿಯೋ ನೀರಿನಂಶವೋ ಸೇರಿರುತ್ತದೆ. ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗಿದರೆ ಡಿಸ್ಕಿನ ದಪ್ಪ ಒಂದೇ ಸಮ ಇಲ್ಲ. ಕಾರು ಒಂದು ಬದಿಗೆ ಎಳೆದರೆ, ಅಥವಾ ಓಡಿ ಬಂದ ಮೇಲೆ ಒಂದು ಚಕ್ರದ ಬಳಿ ಮಾತ್ರ ಕೈಯ ಹಿಂಬದಿ ಹಿಡಿದಾಗ ವಿಪರೀತ ಬಿಸಿ ತಾಗಿದರೆ, ಕ್ಯಾಲಿಪರ್ ಎಲ್ಲಿಯೋ ಹಿಡಿದುಕೊಂಡಿದೆ.

ಅಳತೆಗೆ ಹಿಡಿಸೂಡಿಯ ಕಡ್ಡಿ

ಅಲಾಯ್ ಚಕ್ರಗಳ ಸಂದಿನಿಂದ ಹೊರಬದಿಯ ಪ್ಯಾಡನ್ನು ಟಾರ್ಚ್ ಹಾಕಿ ನೋಡಬಹುದು. ಆದರೆ ಹೊರಬದಿಯನ್ನು ಮಾತ್ರ ನೋಡಿ ಸರಿಯಿದೆ ಎನ್ನುವುದು ನಾವು ಮಾಡಿದ ತಪ್ಪೇ. ಒಳಬದಿಯದನ್ನು ನೋಡಲು ಚಕ್ರ ಬಿಚ್ಚಿ, ಸ್ಟೀರಿಂಗನ್ನು ಒಂದು ಬದಿಗೆ ತಿರುಗಿಸಿ, ಕ್ಯಾಲಿಪರಿನ ನಡುವಿನ ಕಿಂಡಿಯಲ್ಲಿ ಇಣುಕಬೇಕು. ನಾನು ಹಿಡಿಸೂಡಿಯ (ಕಡ್ಡಿ ಪೊರಕೆಯ) ಒಂದು ಕಡ್ಡಿಗೆ ತುದಿಯಿಂದ 3 ಮಿ.ಮೀ. ದೂರದಲ್ಲಿ ಪೆನ್ನಿನ ಗೆರೆ ಹಾಕಿ ಕಿಂಡಿಯಲ್ಲಿ ಇಳಿಸುತ್ತೇನೆ. ಪದರದ ದಪ್ಪಕ್ಕೂ ಗೆರೆಗೂ ಹೋಲಿಸಿದರೆ ಸಾಕು. ಹೊಸಬರು ಇಲ್ಲಿ ಎಡವುವುದು ಹಿಂಬದಿಯ ಉಕ್ಕಿನ ಪಟ್ಟಿಯನ್ನೂ ಪ್ಯಾಡಿನ ದಪ್ಪದಲ್ಲಿ ಸೇರಿಸಿ ಲೆಕ್ಕ ಹಾಕುವುದರಿಂದ. ಪಟ್ಟಿಯೂ ಧೂಳು ಕೂತು ಕಪ್ಪಾಗಿರುವುದರಿಂದ ಎರಡೂ ಒಂದೇ ತುಂಡಿನಂತೆ ಕಾಣುತ್ತವೆ. ಕಡ್ಡಿಯಿಂದ ಕೆರೆದರೆ ನಡುವಿನ ಗೆರೆ ಕಾಣಿಸುತ್ತದೆ. ಅಳೆಯಬೇಕಾದದ್ದು ಆ ಗೆರೆಯಿಂದ ಡಿಸ್ಕಿನವರೆಗೆ ಮಾತ್ರ.

ಘಾಟಿ ರಸ್ತೆಯಲ್ಲಿ ಪದೇಪದೇ ಓಡಾಡುವವರು 3 ಮಿ.ಮೀ. ಆಗುವವರೆಗೆ ಕಾಯದೆ, 4 ಮಿ.ಮೀ. ಇರುವಾಗಲೇ, ಅದೂ ಮಳೆಗಾಲಕ್ಕೆ ಮುಂಚೆ, ಬದಲಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಆಗುಂಬೆಯ 14 ಹೇರ್‌ಪಿನ್ ತಿರುವುಗಳನ್ನು ತುಂಬಿದ ಕಾರಿನಲ್ಲಿ ಇಳಿಯುವಾಗ ಡಿಸ್ಕ್ ಕಾದು ಬಿಸಿಯಾಗುತ್ತದೆ. ದಪ್ಪ ಪ್ಯಾಡ್ ಆ ಬಿಸಿ ಪಿಸ್ಟನ್ನಿಗೆ ತಲುಪದಂತೆ ತಡೆಯುತ್ತದೆ, ತೆಳು ಪ್ಯಾಡ್ ಅಷ್ಟು ತಡೆಯಲಾರದು. ಪಿಸ್ಟನ್ನಿನ ಹಿಂದಿರುವ ಆಯಿಲ್ ಕುದಿದರೆ ಆವಿಯಾಗುತ್ತದೆ, ಆವಿ ಒತ್ತಡಕ್ಕೆ ಕುಗ್ಗುತ್ತದೆ, ಪೆಡಲ್ ನೆಲ ಮುಟ್ಟುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ಗಾಳಿಯ ತೇವ ಹೀರಿ ಹಳೆಯದಾದ ಆಯಿಲಿಗೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಮಲೆನಾಡು, ಕರಾವಳಿಯ ತೇವದಲ್ಲಿ ಎರಡು ವರ್ಷಕ್ಕೊಮ್ಮೆ ಆಯಿಲನ್ನು ಪೂರ್ತಿಯಾಗಿ ಬದಲಿಸಿ ಎಂದು ಹೇಳುವುದು ಇದಕ್ಕೇ.

ಕೊಳ್ಳುವಾಗ

ಪ್ಯಾಡುಗಳನ್ನು ಎಡ ಬಲ ಎರಡೂ ಮುಂಚಕ್ರಗಳಿಗೆ ಒಟ್ಟಿಗೆ ಬದಲಿಸಬೇಕು. ಪೆಟ್ಟಿಗೆಯಲ್ಲಿ ನಾಲ್ಕು ಪ್ಯಾಡುಗಳು ಬರುವುದು ಅದಕ್ಕಾಗಿಯೇ. ಒಂದು ಬದಿಗೆ ಮಾತ್ರ ಹೊಸದು ಹಾಕಿದರೆ ಬ್ರೇಕ್ ಒತ್ತಿದಾಗ ಕಾರು ಒಂದೇ ಕಡೆ ಎಳೆಯಬಹುದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡರೂ ಊರಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೊಂಡರೂ ಮಾದರಿಯ ಹೆಸರೊಂದನ್ನೇ ಹೇಳದೆ ಆರ್‌ಸಿಯಲ್ಲಿರುವ ಚಾಸಿಸ್ ನಂಬರನ್ನೂ ತೋರಿಸಿ, ಏಕೆಂದರೆ ಒಂದೇ ಮಾದರಿಗೆ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಕ್ಯಾಲಿಪರ್ ಬಂದಿರುವುದುಂಟು. ಅತಿ ಅಗ್ಗಕ್ಕೆ ಸಿಕ್ಕಿದ, ಪೆಟ್ಟಿಗೆಯ ಮೇಲೆ ಅಕ್ಷರ ಮಸುಕಾಗಿ ಮುದ್ರಿತವಾದ ಪ್ಯಾಡನ್ನು ಅಲ್ಲಿಯೇ ಬಿಟ್ಟು ಬನ್ನಿ.

ಪ್ಯಾಡಿನ ಜೊತೆಗೆ ಒಂದು ಕ್ಯಾನ್ ಬ್ರೇಕ್ ಕ್ಲೀನರ್, ರಬ್ಬರಿಗೆ ಹಾನಿ ಮಾಡದ ಸಿಲಿಕೋನ್ ಬ್ರೇಕ್ ಗ್ರೀಸ್, ತಂತಿಯ ಬ್ರಷ್, ಸಿ ಆಕಾರದ ಕ್ಲ್ಯಾಂಪ್, ಎರಡು ಜ್ಯಾಕ್ ಸ್ಟ್ಯಾಂಡ್, 12 ಮತ್ತು 14ರ ರಿಂಗ್ ಸ್ಪ್ಯಾನರ್, ಒಂದು ತೆಳು ಓಪನ್ ಸ್ಪ್ಯಾನರ್, ಸಾಧ್ಯವಾದರೆ ಟಾರ್ಕ್ ರೆಂಚ್ (ಬಿಗಿತವನ್ನು ಅಳೆದು ತಿರುಗಿಸುವ ಸ್ಪ್ಯಾನರ್) ಬೇಕು. ಮಾಸ್ಕ್ ಮತ್ತು ಕೈಗವಸನ್ನು ಮರೆಯಬೇಡಿ. ಬ್ರೇಕಿನ ಧೂಳನ್ನು ಬಾಯಿಂದಾಗಲಿ ಕಂಪ್ರೆಸರಿನ ಗಾಳಿಯಿಂದಾಗಲಿ ಊದಬಾರದು. ಕ್ಲೀನರಿನಲ್ಲಿ ನೆನೆಸಿ ಬಟ್ಟೆಯಿಂದ ಒರೆಸಬೇಕು.

ಕಾರನ್ನು ಎತ್ತುವುದು

ಸಮತಟ್ಟಾದ ಗಟ್ಟಿ ನೆಲದ ಮೇಲೆ ಕಾರನ್ನು ನಿಲ್ಲಿಸಿ, ಮೊದಲ ಗೇರಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಎರಡೂ ಚಕ್ರಗಳಿಗೆ ಮುಂದೆ ಹಿಂದೆ ಮರದ ತುಂಡು ಕೊಡಿ. ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ, ಆಮೇಲೆ ಕೈಪಿಡಿಯಲ್ಲಿ ತೋರಿಸಿದ ಜಾಗಕ್ಕೇ ಜ್ಯಾಕ್ ಕೊಟ್ಟು ಎತ್ತಿ, ಸ್ಟ್ಯಾಂಡ್ ಇರಿಸಿ, ಕಾರಿನ ಭಾರವನ್ನು ಅದರ ಮೇಲೆ ಇಳಿಸಿ. ಸ್ಟೆಪ್ನಿ ಬದಲಿಸಲು ಕೊಟ್ಟಿರುವ ಜ್ಯಾಕಿನ ಮೇಲೆ ನಂಬಿಕೆ ಇಟ್ಟು ಕಾರಿನ ಕೆಳಗೆ ಕೈ ಕಾಲು ಚಾಚಬಾರದು. ಸಿಮೆಂಟಿನ ಟೊಳ್ಳು ಇಟ್ಟಿಗೆ, ನಮ್ಮ ಕಡೆಯ ಮುರಕಲ್ಲು (ಜಂಬಿಟ್ಟಿಗೆ ಕಲ್ಲು) ಇವೆರಡೂ ಮೇಲಿನಿಂದ ಗಟ್ಟಿಯಾಗಿ ಕಂಡರೂ ಬಿಂದುಭಾರಕ್ಕೆ ಹೇಳದೆ ಕೇಳದೆ ಪುಡಿಯಾಗುತ್ತವೆ. ಬಿಚ್ಚಿದ ಚಕ್ರವನ್ನು ಬಾಗಿಲ ಕೆಳಗಿನ ಅಂಚಿನಡಿಗೆ ಮಲಗಿಸಿಟ್ಟರೆ ಇನ್ನೊಂದು ಆಸರೆಯಾಯಿತು.

ಒಂದು ಬದಿಯನ್ನು ಪೂರ್ತಿ ಮುಗಿಸಿದ ಮೇಲೆಯೇ ಇನ್ನೊಂದನ್ನು ಬಿಚ್ಚಿ. ಯಾವ ಕ್ಲಿಪ್ ಎಲ್ಲಿತ್ತು ಎಂಬ ಗೊಂದಲ ಬಂದಾಗ ಬಿಚ್ಚದ ಬದಿಯನ್ನು ನೋಡಿ ಕಲಿಯಬಹುದು. ಮೊಬೈಲಿನಲ್ಲಿ ಒಂದೆರಡು ಚಿತ್ರ ತೆಗೆದಿಟ್ಟುಕೊಂಡರೂ ಆದೀತು.

ಬಿಚ್ಚುವುದು, ಹಳೆಯ ಪ್ಯಾಡನ್ನು ಓದುವುದು

ಕ್ಯಾಲಿಪರಿನ ಹಿಂಬದಿಯಲ್ಲಿ ಮೇಲೊಂದು ಕೆಳಗೊಂದು ಬೋಲ್ಟ್ ಕಾಣುತ್ತವೆ. ಬಹಳಷ್ಟು ಕಾರುಗಳಲ್ಲಿ ಕೆಳಗಿನದನ್ನು ತೆಗೆದು, ಮೇಲಿನದನ್ನು ತಿರುಗಣಿಯಾಗಿ ಬಳಸಿ ಕ್ಯಾಲಿಪರನ್ನು ಮೇಲಕ್ಕೆ ಮಡಚಬಹುದು. ಬೋಲ್ಟಿನ ಜೊತೆಗೆ ಪಿನ್ನೂ ತಿರುಗಿದರೆ ತೆಳು ಸ್ಪ್ಯಾನರಿನಿಂದ ಪಿನ್ನನ್ನು ಹಿಡಿದುಕೊಳ್ಳಿ. ಕ್ಯಾಲಿಪರನ್ನು ಪೂರ್ತಿ ಕಳಚಬೇಕಾಗಿ ಬಂದರೆ ತಂತಿಯಿಂದ ಮೇಲಿನ ಸ್ಪ್ರಿಂಗಿಗೆ ಕಟ್ಟಬೇಕು. ಬ್ರೇಕಿನ ರಬ್ಬರ್ ಹೋಸಿನಲ್ಲಿ ಅದು ಜೋತಾಡಿದರೆ ಹೊರಗಿನಿಂದ ಏನೂ ಕಾಣದಿದ್ದರೂ ಒಳಗೆ ಹೋಸ್ ಹಾಳಾಗಬಹುದು. ಈ ಹಂತದಲ್ಲಿ ಯಾರೂ ಬ್ರೇಕ್ ಪೆಡಲ್ ಮುಟ್ಟಬಾರದು, ಮುಟ್ಟಿದರೆ ಪಿಸ್ಟನ್ ಹೊರಗೆ ಬಂದುಬಿಡುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಕಾರಿನ ಬಾಗಿಲಿಗೆ ಬೀಗ ಹಾಕಿಯೇ ಕೆಲಸ ಶುರು ಮಾಡಿ.

ಪ್ಯಾಡುಗಳನ್ನು ಹೊರಗೆ ಎಳೆದ ಮೇಲೆ ಅವನ್ನು ಮೂಲೆಗೆ ಎಸೆಯದೆ, ಒಳಬದಿಯದು ಯಾವುದು ಹೊರಬದಿಯದು ಯಾವುದು ಎಂದು ಗುರುತು ಹಾಕಿ, ಒಂದು ಹಲಗೆಯ ಮೇಲೆ ಪಕ್ಕಪಕ್ಕ ಇಡಿ. ಇಡೀ ಕೆಲಸದಲ್ಲಿ ನಾನು ಹೆಚ್ಚು ಹೊತ್ತು ಕಳೆಯುವುದು ಇಲ್ಲಿಯೇ. ಎರಡೂ ಬಹುಮಟ್ಟಿಗೆ ಒಂದೇ ದಪ್ಪ ಇದ್ದರೆ ಕ್ಯಾಲಿಪರ್ ಸರಿಯಾಗಿ ಜಾರುತ್ತಿದೆ. ಒಳಬದಿಯದು ಬಹಳ ತೆಳುವಾಗಿ ಹೊರಬದಿಯದು ದಪ್ಪ ಉಳಿದಿದ್ದರೆ ಪಿನ್ನುಗಳು ಒಣಗಿ ತುಕ್ಕು ಹಿಡಿದು ಕ್ಯಾಲಿಪರ್ ಜಾರುವುದನ್ನು ನಿಲ್ಲಿಸಿರುತ್ತದೆ, ಇಲ್ಲವೇ ಪಿಸ್ಟನ್ ಹಿಂದೆ ಸರಿಯದೆ ಪ್ಯಾಡನ್ನು ಸದಾ ಒತ್ತಿಕೊಂಡೇ ಇರುತ್ತದೆ. ಒಂದೇ ಪ್ಯಾಡ್ ಒಂದು ತುದಿಯಲ್ಲಿ ದಪ್ಪ ಇನ್ನೊಂದು ತುದಿಯಲ್ಲಿ ತೆಳುವಾಗಿ ಬೆಣೆಯಂತೆ ಸವೆದಿದ್ದರೆ ಎರಡರಲ್ಲಿ ಒಂದು ಪಿನ್ ಮಾತ್ರ ಹಿಡಿದಿರಬಹುದು, ಅಥವಾ ಪ್ಯಾಡಿನ ಕಿವಿ, ಅಂದರೆ ತುದಿಯ ಚಾಚು, ತಾನು ಕೂರುವ ತೋಡಿನಲ್ಲಿ ಸಿಕ್ಕಿಕೊಂಡಿರಬಹುದು. ಮುಖ ಗಾಜಿನಂತೆ ಹೊಳೆಯುತ್ತಿದ್ದರೆ, ಅಂಚು ಬಿರುಕುಬಿಟ್ಟು ಉದುರುತ್ತಿದ್ದರೆ ವಿಪರೀತ ಕಾದಿದೆ ಎಂದರ್ಥ; ಘಾಟಿ ಇಳಿಯುವಾಗ ಗೇರನ್ನು ಬಿಟ್ಟು ಬ್ರೇಕನ್ನೇ ನಂಬುವ ಅಭ್ಯಾಸ ಇದೆಯೇ ಎಂದು ಚಾಲಕ ತನ್ನನ್ನೇ ಕೇಳಿಕೊಳ್ಳಬೇಕು. ಎಡ ಬಲ ಚಕ್ರಗಳ ನಡುವೆ ದೊಡ್ಡ ವ್ಯತ್ಯಾಸ ಇದ್ದರೆ ಆ ಬದಿಯ ಪಿಸ್ಟನ್ನನ್ನು, ಹೋಸನ್ನು ಮೆಕ್ಯಾನಿಕ್‌ಗೆ ತೋರಿಸುವುದು ಲೇಸು.

ಡಿಸ್ಕನ್ನೂ ಈಗಲೇ ನೋಡಿಬಿಡಿ. ಉಗುರು ಎಳೆದಾಗ ಸಿಕ್ಕಿಕೊಳ್ಳುವಷ್ಟು ಆಳದ ಗೀರು, ಬಿರುಕು, ಶಾಖಕ್ಕೆ ನೀಲಿಗಟ್ಟಿದ ಮಚ್ಚೆ ಇದ್ದರೆ ಹೊಸ ಪ್ಯಾಡೂ ಬೇಗ ಹಾಳಾಗುತ್ತದೆ. ಡಿಸ್ಕಿನ ಕನಿಷ್ಠ ದಪ್ಪವನ್ನು ಅನೇಕ ಸಲ ಅದರ ಅಂಚಿನಲ್ಲೋ ನಡುಭಾಗದಲ್ಲೋ ಕೆತ್ತಿರುತ್ತಾರೆ. ದಪ್ಪ ಅಳೆಯುವ ಸಾಧನವಾದ ವರ್ನಿಯರಿನಲ್ಲಿ ನೇರವಾಗಿ ಅಳೆದರೆ ಸವೆಯದೆ ಉಳಿದ ಹೊರ ಅಂಚಿನ ದಿಂಡು ಅಡ್ಡ ಬಂದು ಸುಳ್ಳು ಅಳತೆ ಸಿಗುತ್ತದೆ. ಎರಡೂ ಬದಿಗೆ ಒಂದೊಂದು ನಾಣ್ಯ ಇಟ್ಟು ಅಳೆದು, ನಾಣ್ಯಗಳ ದಪ್ಪವನ್ನು ಕಳೆಯಿರಿ.

ಪಿನ್, ಪಿಸ್ಟನ್

ಪಿನ್ನುಗಳನ್ನು ಒಂದೊಂದಾಗಿ ಹೊರಗೆ ಎಳೆಯಿರಿ. ಬೆರಳಿನಿಂದ ಎಳೆದರೆ ಸರಾಗವಾಗಿ ಬರಬೇಕು. ಆ ದಿನ ಉಜಿರೆಯಲ್ಲಿ ಕೆಳಗಿನ ಪಿನ್ನನ್ನು ತೆಗೆಯಲು ಮೆಕ್ಯಾನಿಕ್ ಕಾಲು ಗಂಟೆ ಒದ್ದಾಡಿದ. ಹೊರಬಂದಾಗ ಅದರ ಮೇಲೆ ಗ್ರೀಸಿನ ಬದಲು ಕಾಫಿಪುಡಿಯಂಥ ತುಕ್ಕು ಇತ್ತು, ಅದನ್ನು ಮುಚ್ಚಬೇಕಾಗಿದ್ದ ರಬ್ಬರಿನ ಟೋಪಿ ಹರಿದು ಮಳೆನೀರು ಒಳಗೆ ಇಳಿದಿತ್ತು. ಪಿನ್ನಿನ ಹಳೆಯ ಗ್ರೀಸ್ ಒರೆಸಿ, ಸಣ್ಣ ತುಕ್ಕನ್ನು ನಯವಾದ ಉಜ್ಜುಕಾಗದದಿಂದ ತೆಗೆದು, ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಿ ಮತ್ತೆ ಹಾಕಿ. ಮೇಲಿನ ಕೆಳಗಿನ ಪಿನ್ನುಗಳು ಬೇರೆ ಬೇರೆ ಆಕಾರದವಾಗಿರಬಹುದು, ಅದಲು ಬದಲು ಮಾಡಬೇಡಿ. ಬೇರಿಂಗಿಗೆ ಬಳಸುವ ಸಾದಾ ಗ್ರೀಸ್ ಇಲ್ಲಿ ಬೇಡ. ಅದು ರಬ್ಬರನ್ನು ಉಬ್ಬಿಸಿ ಪಿನ್ನನ್ನು ಮತ್ತೆ ಬಿಗಿಹಿಡಿಸುತ್ತದೆ. ಹರಿದ ಟೋಪಿಯ ಬೆಲೆ ಅಲ್ಪ, ಹೊಸದನ್ನೇ ಹಾಕಿ.

ಹೊಸ ಪ್ಯಾಡ್ ದಪ್ಪವಾಗಿರುವುದರಿಂದ ಪಿಸ್ಟನ್ನನ್ನು ಪೂರ್ತಿ ಒಳಗೆ ಒತ್ತಬೇಕು. ಮೊದಲು ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ಸಡಿಲಿಸಿ ಸುತ್ತಲೂ ಬಟ್ಟೆ ಸುತ್ತಿ, ಏಕೆಂದರೆ ಒತ್ತಿದಂತೆ ಆಯಿಲ್ ಮೇಲೇರುತ್ತದೆ, ಚೆಲ್ಲಿದರೆ ಬಣ್ಣವನ್ನು ಸುಲಿದುಹಾಕುತ್ತದೆ. ನಡುವೆ ಯಾರೋ ಆಯಿಲ್ ತುಂಬಿಸಿದ್ದರೆ ಅದು ಉಕ್ಕುವುದು ಖಚಿತ. ಸಿರಿಂಜಿನಿಂದ ಸ್ವಲ್ಪ ಹೀರಿ ತೆಗೆಯಿರಿ. ಹಳೆಯ ಪ್ಯಾಡೊಂದನ್ನು ಪಿಸ್ಟನ್ನಿನ ಮುಖಕ್ಕೆ ಅಡ್ಡ ಇಟ್ಟು ಕ್ಲ್ಯಾಂಪನ್ನು ನಿಧಾನವಾಗಿ ಬಿಗಿಸಿದರೆ ಪಿಸ್ಟನ್ ನೇರವಾಗಿ ಒಳಗೆ ಹೋಗುತ್ತದೆ. ಹೋಗದೆ ಹಟ ಹಿಡಿದರೆ, ಸುತ್ತಲಿನ ರಬ್ಬರ್ ಹರಿದಿದ್ದರೆ, ಆಯಿಲ್ ಜಿನುಗಿದ್ದರೆ ಅಲ್ಲಿಗೇ ನಿಲ್ಲಿಸಿ ಪರಿಣತರನ್ನು ಕರೆಯಬೇಕು. ಹಿಂದೆಯೂ ಡಿಸ್ಕ್ ಇರುವ ಕಾರುಗಳಲ್ಲಿ ಹಿಂದಿನ ಪಿಸ್ಟನ್ನನ್ನು ಅನೇಕ ಸಲ ತಿರುಗಿಸುತ್ತ ಒತ್ತಬೇಕು. ಎಲೆಕ್ಟ್ರಾನಿಕ್ ಹ್ಯಾಂಡ್ ಬ್ರೇಕ್ ಇದ್ದರೆ ಅದನ್ನು ಸರ್ವೀಸ್ ಮೋಡಿಗೆ ಹಾಕದೆ ಮುಟ್ಟಲೇಬಾರದು. ಅವುಗಳನ್ನು ಮನೆಯಲ್ಲಿ ಪ್ರಯೋಗ ಮಾಡಬೇಡಿ.

ಕೂರಿಸುವುದು

ಪ್ಯಾಡಿನ ಕಿವಿಗಳು ಕೂರುವ ತೋಡನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಪೆಟ್ಟಿಗೆಯಲ್ಲಿ ಹೊಸ ಕ್ಲಿಪ್ಪುಗಳಿದ್ದರೆ ಅವನ್ನೇ ಹಾಕಿ. ಎಚ್ಚರಿಕೆಯ ನಾಲಿಗೆ ಇರುವ ಪ್ಯಾಡ್ ಹೆಚ್ಚಾಗಿ ಒಳಬದಿಗೆ ಬರುತ್ತದೆ, ಹಳೆಯದನ್ನು ಹೋಲಿಸಿ ನೋಡಿ. ಪ್ಯಾಡ್ ಕೈಯ ಒತ್ತಡಕ್ಕೇ ಕೂರಬೇಕು, ಹಿಂದಕ್ಕೆ ಮುಂದಕ್ಕೆ ಜಾರಬೇಕು. ಸುತ್ತಿಗೆ ಬೇಕಾಯಿತೆಂದರೆ ತುಕ್ಕು ಉಳಿದಿದೆ ಅಥವಾ ಪ್ಯಾಡ್ ತಪ್ಪಾಗಿದೆ. ಕಿವಿಗಳಿಗೆ, ಹಿಂಬದಿಯ ಪಟ್ಟಿಗೆ ಒಂದು ಹನಿಯಷ್ಟು ಬ್ರೇಕ್ ಗ್ರೀಸ್ ಸಾಕು; ಉಜ್ಜುವ ಮುಖಕ್ಕೂ ಡಿಸ್ಕಿಗೂ ಅದರ ಸೋಂಕೂ ತಾಗಬಾರದು. ಕ್ಯಾಲಿಪರ್ ಇಳಿಸಿ, ಕೈಪಿಡಿಯಲ್ಲಿ ಹೇಳಿದ ಬಿಗಿತಕ್ಕೆ ಬೋಲ್ಟ್ ಕಟ್ಟಿ. ಇವು ಸಣ್ಣ ಬೋಲ್ಟುಗಳು. ಚಕ್ರದ ನಟ್ಟಿಗೆ ಹಾಕುವ ಬಲ ಹಾಕಿದರೆ ಬೋಲ್ಟಿನ ಮರೆ (ಸುರುಳಿ ಗೆರೆ) ಕಿತ್ತುಹೋಗುತ್ತದೆ.

ಚಕ್ರ ಹಾಕಿ, ನಟ್ಟುಗಳನ್ನು ಕೈಯಿಂದ ಕೂರಿಸಿ, ಕಾರು ಇಳಿಸಿದ ಮೇಲೆ ಎದುರುಬದುರಿನ ಕ್ರಮದಲ್ಲಿ ಬಿಗಿಸಿ. ಸಣ್ಣ ಕಾರುಗಳಿಗೆ ಬೇಕಾದ ಬಿಗಿತ ಸಾಮಾನ್ಯವಾಗಿ 85ರಿಂದ 120 ನ್ಯೂಟನ್ ಮೀಟರ್. ನಿಮ್ಮ ಕಾರಿನ ನಿಖರವಾದ ಅಂಕಿ ಕೈಪಿಡಿಯಲ್ಲಿ ಇರುತ್ತದೆ.

ಎರಡೂ ಬದಿ ಮುಗಿದ ಮೇಲೆ, ಕಾರನ್ನು ಒಂದಿಂಚೂ ಸರಿಸುವ ಮೊದಲು, ಬ್ರೇಕ್ ಪೆಡಲನ್ನು ಮೆಲ್ಲಗೆ ಹಲವು ಸಲ ಒತ್ತಿ. ಒಳಗೆ ತಳ್ಳಿದ ಪಿಸ್ಟನ್ ಮತ್ತೆ ಪ್ಯಾಡಿಗೆ ತಾಗುವವರೆಗೆ ಮೊದಲ ನಾಲ್ಕೈದು ಒತ್ತಿಗೆ ಪೆಡಲ್ ನೆಲಕ್ಕೇ ಹೋಗುತ್ತದೆ; ಇದನ್ನು ಮರೆತು ರಿವರ್ಸ್ ತೆಗೆದವರ ಕಾರು ಗೋಡೆಗೆ ತಾಗಿಯೇ ನಿಂತಿದೆ. ಪೆಡಲ್ ಗಟ್ಟಿಯಾದ ಮೇಲೆ ಆಯಿಲ್ ಮಟ್ಟ ನೋಡಿ, ಮುಚ್ಚಳ ಬಿಗಿಮಾಡಿ.

ಹೊಸ ಪ್ಯಾಡನ್ನು ಪಳಗಿಸುವುದು

ವಾಹನ ಸಂಚಾರ ಕಡಿಮೆ ಇರುವ ಸಮತಟ್ಟು ರಸ್ತೆಯಲ್ಲಿ ಮೊದಲು ನಡಿಗೆಯ ವೇಗದಲ್ಲಿ ಬ್ರೇಕ್ ಪರೀಕ್ಷಿಸಿ. ಆಮೇಲೆ ಗಂಟೆಗೆ 50 ಕಿ.ಮೀ. ವೇಗದಿಂದ 10ರ ಹತ್ತಿರಕ್ಕೆ, ಪೂರ್ತಿ ನಿಲ್ಲಿಸದೆ, ಮಧ್ಯಮ ಒತ್ತಡದಲ್ಲಿ ವೇಗ ಇಳಿಸಿ, ಅರ್ಧ ಕಿ.ಮೀ. ಓಡಿ ಆರಲು ಬಿಟ್ಟು ಮತ್ತೆ ಹಾಗೆಯೇ, ಹದಿನೈದಿಪ್ಪತ್ತು ಸಲ ಮಾಡಿ. ಪ್ಯಾಡಿನ ತೆಳು ಪದರವೊಂದು ಡಿಸ್ಕಿನ ಮೇಲೆ ಸಮನಾಗಿ ಕೂರುವುದು ಹೀಗೆ. ಬಿಸಿಯಾಗಿರುವಾಗ ಬ್ರೇಕ್ ಒತ್ತಿಹಿಡಿದು ನಿಂತರೆ ಒಂದೇ ಜಾಗದಲ್ಲಿ ದಪ್ಪವಾಗಿ ಅಂಟಿ ಮುಂದೆ ನಡುಕ ಶುರುವಾಗುತ್ತದೆ. ಸ್ವಲ್ಪ ವಾಸನೆ ಬಂದರೆ ಗಾಬರಿ ಬೇಡ, ಹೊಗೆ ಬಂದರೆ ನಿಲ್ಲಿಸಿ ನೋಡಬೇಕು. ಮೊದಲ ಇನ್ನೂರು ಮುನ್ನೂರು ಕಿ.ಮೀ. ಗಟ್ಟಿ ಬ್ರೇಕ್ ತಪ್ಪಿಸಿ, ಬದಲಿಸಿದ ದಿನವೇ ಕುಟುಂಬವನ್ನು ಕೂರಿಸಿಕೊಂಡು ಘಾಟಿ ಇಳಿಯುವ ಯೋಜನೆ ಹಾಕಿಕೊಳ್ಳಬೇಡಿ.

ಐವತ್ತರಿಂದ ನೂರು ಕಿ.ಮೀ. ಓಡಿದ ಮೇಲೆ ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ಬಿಗಿನೋಡಿ. ಬದಲಿಸಿದ ದಿನಾಂಕವನ್ನೂ ಮೀಟರಿನ ಅಂಕಿಯನ್ನೂ ಹಳೆಯ ಪ್ಯಾಡುಗಳ ಉಳಿದ ದಪ್ಪವನ್ನೂ ಕೈಪಿಡಿಯ ಕೊನೆಯ ಪುಟದಲ್ಲಿ ಬರೆದಿಡಿ. ಐದು ಸಾವಿರ ಕಿ.ಮೀ. ಆದಾಗ ಚಕ್ರ ಬಿಚ್ಚಿ ಅದೇ ಕಡ್ಡಿಯನ್ನು ಕಿಂಡಿಯಲ್ಲಿ ಇಳಿಸಿ ಒಳಬದಿ, ಹೊರಬದಿ ಎರಡನ್ನೂ ಅಳೆಯಿರಿ. ನಮ್ಮ ಕಾರಿನ ಪುಟದಲ್ಲಿ ಈಗ ಎಡಚಕ್ರದ ಎರಡು ಅಂಕಿಗಳು ಕಾಲು ಮಿ.ಮೀ. ವ್ಯತ್ಯಾಸದಲ್ಲಿ ಅಕ್ಕಪಕ್ಕ ಕೂತಿವೆ.